ಉತ್ತರ ಹೊಂದಿದರೆ ಸಾಕೇ? ರಾಕೆಟ್ ಲೆಕ್ಕದ ಮೂಲಕ ಸ್ವತಂತ್ರ ಪರಿಶೀಲನೆಯ ಪಾಠ

ತರಗತಿ: 9 ವಿಷಯ: ವಿಜ್ಞಾನ ಘಟಕ: ಚಲನೆ ಅವಧಿ: 40 ನಿಮಿಷ

ಉದ್ದೇಶ: ಒಂದು ಲೆಕ್ಕವನ್ನು ಬೇರೆ ವಿಧಾನದಿಂದಲೂ ಮೂಲ ದತ್ತಾಂಶದಿಂದಲೂ ಪರಿಶೀಲಿಸುವುದು ಏಕೆ ಬೇಕೆಂದು ವಿದ್ಯಾರ್ಥಿಗಳು ವಿವರಿಸುವರು.

ಪೂರ್ವಜ್ಞಾನ: ಚಲನೆಯ ಸಮೀಕರಣಗಳು, ವೇಗ-ಕಾಲ ನಕ್ಷೆ.

ಪೀಠಿಕೆ: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವವರು ಇಳಕಲ್ಲ ಸೀರೆಯಿಂದಲೇ ಪಾಠ ಆರಂಭಿಸಬಹುದು. ತುದಿ ಹರಿದ ಟೇಪಿನಿಂದ ಇಬ್ಬರು ಸೀರೆ ಅಳೆದರೆ ಇಬ್ಬರ ಉತ್ತರವೂ ಒಂದೇ ಬರುತ್ತದೆ. ಅಳತೆ ಸರಿಯಾಯಿತೇ? ಈ ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬರೆದಿಡಿ.

ಹಂತ 1: ರಾಕೆಟ್ ಉಡಾಯಿಸುವ ಮೊದಲೇ ಅದರ ಹಾರಾಟವನ್ನು ಗಣಕದಲ್ಲಿ ನಡೆಸಿ ನೋಡುತ್ತಾರೆ. ಇದೇ ಸಿಮ್ಯುಲೇಶನ್. ದಾರಿ ತಪ್ಪಿದರೆ ಎಲ್ಲಿ ಬೀಳಬಹುದು, ಯಾವ ಪ್ರದೇಶದಲ್ಲಿ ಜನರಿರಬಾರದು ಎಂಬ ತೀರ್ಮಾನಗಳು ಈ ಲೆಕ್ಕವನ್ನು ಅವಲಂಬಿಸಿವೆ. ತರಗತಿಯಲ್ಲಿ ಇದರ ಸರಳ ರೂಪ ಮಾಡೋಣ.

'ಅ' ಮತ್ತು 'ಆ' ಗುಂಪುಗಳಿಗೆ ಒಂದೇ ಚೀಟಿ ಕೊಡಿ: ನಿಶ್ಚಲ ಸ್ಥಿತಿಯಿಂದ ಹೊರಟ ಆಟಿಕೆ ರಾಕೆಟ್ಟಿನ ಮೇಲ್ಮುಖ ವೇಗೋತ್ಕರ್ಷ 10 ಮೀ/ಸೆ², ಎಂಜಿನ್ 4 ಸೆಕೆಂಡು ಉರಿಯುತ್ತದೆ, ಗುರುತ್ವ ವೇಗೋತ್ಕರ್ಷ 10 ಮೀ/ಸೆ², ಗಾಳಿಯ ತಡೆ ಇಲ್ಲ, ಸುರಕ್ಷಿತ ಮಿತಿ 200 ಮೀ.

'ಅ' ಗುಂಪು ಸಮೀಕರಣ ಬಳಸಲಿ. ಎಂಜಿನ್ ಆರುವಾಗ ವೇಗ 40 ಮೀ/ಸೆ, ಎತ್ತರ 80 ಮೀ. ಬಳಿಕ ಇನ್ನೂ 80 ಮೀ ಏರಿಕೆ. ಒಟ್ಟು 160 ಮೀ. 'ಆ' ಗುಂಪು ನಕ್ಷೆ ಬರೆಯಲಿ. ಪಾದ 8 ಸೆಕೆಂಡು, ಎತ್ತರ 40 ಮೀ/ಸೆ ಇರುವ ತ್ರಿಭುಜದ ವಿಸ್ತೀರ್ಣವೂ 160. ವಿಧಾನ ಎರಡು, ಉತ್ತರ ಒಂದು. ರಾಕೆಟ್ ಸುರಕ್ಷಿತ ಎಂದು ಮಕ್ಕಳು ಹೇಳುವರು.

ಹಂತ 2: 'ಇ' ಗುಂಪಿಗೆ ಚೀಟಿ ಬೇಡ, ಎಂಜಿನ್ ಪರೀಕ್ಷೆಯ ಮೂಲ ಕೋಷ್ಟಕ ಕೊಡಿ. ಅದರಲ್ಲಿ ಎಂಜಿನ್ 5 ಸೆಕೆಂಡು ಉರಿದಿದೆ. ಉಳಿದ ಅಂಕಿಗಳು ಚೀಟಿಯವೇ. ಈಗ ವೇಗ 50 ಮೀ/ಸೆ, ಎತ್ತರ 125 ಮತ್ತು 125 ಸೇರಿ 250 ಮೀ. ಮಿತಿ ಮೀರಿತು! ಮೊದಲ ಎರಡು ಗುಂಪುಗಳ ಗಣಿತದಲ್ಲಿ ತಪ್ಪಿಲ್ಲ. ತಪ್ಪು ಇಬ್ಬರೂ ನಂಬಿದ ಚೀಟಿಯಲ್ಲಿದೆ. ಇದನ್ನು ಶಿಕ್ಷಕರು ಹೇಳದೆ ಮಕ್ಕಳಿಂದಲೇ ಹೊರಡಿಸಬೇಕು.

ಹಂತ 3: ನಿಜ ಪ್ರಕರಣಗಳು. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡಿನಲ್ಲಿ ನಾಶವಾಯಿತು. ದಿಕ್ಕು ತಿಳಿಸುವ ಸಾಧನದ ತಂತ್ರಾಂಶ ಏರಿಯಾನ್-4ರದು. ಹೊಸ ರಾಕೆಟ್ಟಿನ ಅಡ್ಡ ವೇಗ ಹೆಚ್ಚು. ಆ ಸಂಖ್ಯೆ ಅದಕ್ಕೆ ಮೀಸಲಿಟ್ಟ ಜಾಗದಲ್ಲಿ ಹಿಡಿಸಲಿಲ್ಲ. ಬದಲಿ ಸಾಧನವಿತ್ತು, ಆದರೆ ಅದರಲ್ಲಿಯೂ ಅದೇ ತಂತ್ರಾಂಶ. ಎರಡೂ ಒಟ್ಟಿಗೇ ಕೈಕೊಟ್ಟವು. ಹೊಸ ಹಾರಾಟಪಥದ ದತ್ತಾಂಶ ಕೊಟ್ಟು ಆ ಸಾಧನವನ್ನು ಮೊದಲೇ ಪರೀಕ್ಷಿಸಿರಲಿಲ್ಲ.

ನಮ್ಮಲ್ಲಿಯೂ, ಉಡುಪಿಯ ಅದಮಾರಿನ ಯು. ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದಾಗ, 1993ರ ಸೆಪ್ಟೆಂಬರ್ 20ರಂದು ಪಿಎಸ್‌ಎಲ್‌ವಿಯ ಮೊದಲ ಹಾರಾಟ ವಿಫಲವಾಯಿತು. ನಿಯಂತ್ರಣ ತಂತ್ರಾಂಶದಲ್ಲಿ ದೋಷವಿತ್ತೆಂದು ವಿಶ್ಲೇಷಣೆಯಿಂದ ತಿಳಿಯಿತು. ಅದನ್ನು ತಿದ್ದಿದ ಬಳಿಕ 1994ರ ಅಕ್ಟೋಬರ್ 15ರಂದು ಎರಡನೆಯ ಹಾರಾಟ ಯಶಸ್ವಿಯಾಯಿತು.

ಮೌಲ್ಯಮಾಪನ:
1. 'ಅ' ಮತ್ತು 'ಆ' ಗುಂಪುಗಳ ಉತ್ತರ ಹೊಂದಿದರೂ ರಾಕೆಟ್ ಸುರಕ್ಷಿತವಲ್ಲ, ಏಕೆ?
2. ಏರಿಯಾನ್-5ರ ಬದಲಿ ಸಾಧನಕ್ಕೂ ಹರಿದ ಟೇಪಿಗೂ ಇರುವ ಹೋಲಿಕೆ ಏನು?

ಪ್ರಶಿಕ್ಷಣಾರ್ಥಿಗಳಿಗೆ: 'ಪಕ್ಕದವರ ಉತ್ತರದೊಂದಿಗೆ ಹೋಲಿಸಿ ನೋಡಿ' ಎಂದು ನಾವು ತರಗತಿಯಲ್ಲಿ ದಿನವೂ ಹೇಳುತ್ತೇವೆ. ಅದು ಪರಿಶೀಲನೆಯ ಮೊದಲ ಮೆಟ್ಟಿಲು ಮಾತ್ರ. 'ಈ ಅಂಕಿ ಎಲ್ಲಿಂದ ಬಂತು?' ಎಂದು ಕೇಳುವ ಮಗುವನ್ನು ಅವಧಿ ಮುಗಿಯಿತೆಂದು ಕೂರಿಸಬೇಡಿ. ವೀಕ್ಷಣೆಗೆ ಬರುವ ಮೇಲ್ವಿಚಾರಕರೂ ಪಾಠ ಎಷ್ಟು ಬೇಗ ಮುಗಿಯಿತೆಂಬುದಕ್ಕಿಂತ ಆ ಪ್ರಶ್ನೆ ಬಂತೇ ಎಂಬುದನ್ನು ಗುರುತಿಸಿಕೊಂಡರೆ ಪಾಠದ ಉದ್ದೇಶ ಈಡೇರಿದಂತೆ.