ಖನಿಜ ಮಿಶ್ರಣ: ಏಕೆ, ಎಷ್ಟು, ಹೇಗೆ ಕೊಡಬೇಕು?



ಹಾಲು ಹೆಚ್ಚಿಸುತ್ತೇವೆಂದು ಹೇಳುವ ಪುಡಿ, ಟಾನಿಕ್, ಕ್ಯಾಲ್ಸಿಯಂ ಬಾಟಲಿಗಳು ಅಂಗಡಿಗಳಲ್ಲಿ ಹಲವು ಸಿಗುತ್ತವೆ. ಯಾವುದು ಬೇಕು, ಯಾವುದು ಬೇಡ ಎಂಬ ಗೊಂದಲ ಸಹಜ. ಪ್ರತಿ ಹಸುವಿಗೂ ದಿನವೂ ಬೇಕಾದದ್ದು ಖನಿಜ ಮಿಶ್ರಣ. ಉಳಿದವುಗಳನ್ನು ಅಗತ್ಯ ನೋಡಿ, ಪಶುವೈದ್ಯರನ್ನು ಕೇಳಿ ಕೊಡಬೇಕು.

ಏಕೆ ಬೇಕು?

ಒಂದು ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ, 1 ಗ್ರಾಂನಷ್ಟು ರಂಜಕ ಇರುತ್ತದೆ. ಒಂದು ಸೂಲಿನಲ್ಲಿ 3,000 ಲೀಟರ್ ಹಾಲು ಕೊಡುವ ಮಿಶ್ರತಳಿ ಹಸುವಿನ ಮೈಯಿಂದ ಸುಮಾರು 3.6 ಕಿಲೋ ಕ್ಯಾಲ್ಸಿಯಂ ಹಾಲಿನೊಂದಿಗೆ ಹೊರಗೆ ಹೋಗುತ್ತದೆ. ಮೇವಿನಿಂದ ಇದು ದೊರೆಯದಿದ್ದರೆ ಹಸು ತನ್ನ ಮೂಳೆಯಿಂದಲೇ ತೆಗೆದು ಹಾಲಿಗೆ ಕೊಡುತ್ತದೆ. ಹಾಲು ತಕ್ಷಣ ಇಳಿಯದ ಕಾರಣ ಕೊರತೆ ನಮಗೆ ತಡವಾಗಿ ತಿಳಿಯುತ್ತದೆ.

ಕರು ಹಾಕಿ ನಾಲ್ಕು ತಿಂಗಳಾದರೂ ಬೆದೆಗೆ ಬಾರದಿರುವುದು, ಕೃತಕ ಗರ್ಭಧಾರಣೆ ಮಾಡಿಸಿದರೂ ಮತ್ತೆ ಮತ್ತೆ ಬೆದೆಗೆ ಬರುವುದು, ಮಣ್ಣು, ಗೋಡೆ, ಬಟ್ಟೆ ನೆಕ್ಕುವುದು ಈ ಕೊರತೆಯ ಲಕ್ಷಣಗಳಾಗಿರಬಹುದು. ಒಂದು ಬೆದೆ ತಪ್ಪಿದರೆ 21 ದಿನ ಕಾಯಬೇಕು. ಆ ದಿನಗಳ ಮೇವಿನ ಖರ್ಚು ನಿಮ್ಮ ಮೇಲೆಯೇ ಬೀಳುತ್ತದೆ.

ಭತ್ತದ ಹುಲ್ಲಿನಲ್ಲಿ ರಂಜಕ ಬಹಳ ಕಡಿಮೆ. ಅದರಲ್ಲಿರುವ ಆಕ್ಸಲೇಟ್ ಅಂಶ ಕ್ಯಾಲ್ಸಿಯಂ ಮೈಗೆ ಹತ್ತದಂತೆ ತಡೆಯುತ್ತದೆ. ಬೂಸಾದಲ್ಲಿ ರಂಜಕ ಸಾಕಷ್ಟಿದ್ದರೂ ಕ್ಯಾಲ್ಸಿಯಂ ಕಡಿಮೆ. ಹೀಗಾಗಿ ಹುಲ್ಲು, ಬೂಸಾ ಎಷ್ಟು ಹಾಕಿದರೂ ಕೊರತೆ ಉಳಿಯುತ್ತದೆ.

ಎಷ್ಟು ಕೊಡಬೇಕು?

ಕರುಗಳಿಗೆ ದಿನಕ್ಕೆ 20ರಿಂದ 25 ಗ್ರಾಂ, ಪಡ್ಡೆ ಹಾಗೂ ಬತ್ತಿದ ಹಸುಗಳಿಗೆ 50 ಗ್ರಾಂ, ಕರೆಯುವ ಹಸುಗಳಿಗೆ ಹಾಲಿನ ಪ್ರಮಾಣ ನೋಡಿ 100ರಿಂದ 200 ಗ್ರಾಂ. ಇದನ್ನು ಎರಡು ಹೊತ್ತಿಗೆ ಹಂಚಿ, ಪಶು ಆಹಾರದಲ್ಲಿ ಚೆನ್ನಾಗಿ ಬೆರೆಸಿ ಕೊಡಿ. ಚೀಲದ ಮೇಲೆ ಐ.ಎಸ್.ಐ. ಗುರುತು ಇದೆಯೇ, ತಯಾರಾದ ತಾರೀಖು ಯಾವುದು ಎಂದು ನೋಡಿ ಕೊಳ್ಳಿರಿ.

ಖನಿಜ ಮಿಶ್ರಣವು ಆಹಾರಕ್ಕೆ ಬದಲಿಯಲ್ಲ. ಹಸಿರು ಮೇವು, ಒಣ ಹುಲ್ಲು, ಬೇಕಾದಷ್ಟು ನೀರು ಇರಲೇಬೇಕು. ಜೊತೆಗೆ ಶರೀರ ಪೋಷಣೆಗೆ ಒಂದೂವರೆಯಿಂದ 2 ಕಿಲೋ ಪಶು ಆಹಾರ, ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಹೆಚ್ಚುವರಿ ಆಹಾರ ಕೊಟ್ಟರೆ ಮಾತ್ರ ಮಿಶ್ರಣದ ಫಲ ಕಾಣುತ್ತದೆ.

ಎಚ್ಚರವಿರಲಿ

1. ಕ್ಯಾಲ್ಸಿಯಂ ಬಾಟಲಿ ಖನಿಜ ಮಿಶ್ರಣಕ್ಕೆ ಸಮನಲ್ಲ. ಸತು, ತಾಮ್ರ, ಅಯೋಡಿನ್ ಮೊದಲಾದವೂ ಹಸುವಿಗೆ ಬೇಕು. ಕರು ಹಾಕುವ ಮುಂಚಿನ ಎರಡು ಮೂರು ವಾರ ಕ್ಯಾಲ್ಸಿಯಂ ಅತಿಯಾಗಿ ಕುಡಿಸಿದರೆ, ಮೂಳೆಯಿಂದ ಕ್ಯಾಲ್ಸಿಯಂ ಪಡೆಯುವ ಶರೀರದ ಶಕ್ತಿ ಮಂದವಾಗಿ, ಕರು ಹಾಕಿದೊಡನೆ ಹಾಲುಜ್ವರ ಬರುವ ಸಂಭವ ಹೆಚ್ಚು.

2. ಹಿಂಡಿ ಹೆಚ್ಚು, ಹುಲ್ಲು ಕಡಿಮೆ ತಿನ್ನುವ ಹಸುವಿನ ಹೊಟ್ಟೆ ಹುಳಿಯಾಗಿ ಹಾಲಿನ ಜಿಡ್ಡು ಇಳಿಯುತ್ತದೆ. ಇಂತಹ ಹಸುವಿಗೆ ಮೊದಲು ಹುಲ್ಲು ಹೆಚ್ಚಿಸಿ. ಪಶುವೈದ್ಯರು ಹೇಳಿದರೆ ಆಹಾರದಲ್ಲಿ ಅಡುಗೆ ಸೋಡಾ ಬೆರೆಸಬಹುದು. ಆದರೆ ಸೋಡಾ ಗೋದಲಿಯಲ್ಲಿ ಮಾತ್ರ ಇರಬೇಕು. ಹಾಲಿಗೆ ಹಾಕಿದರೆ ಅದು ಕಲಬೆರಕೆ, ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

3. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮುಗ್ಗಿದ ಜೋಳ ಹಾಕಲೇಬೇಡಿ. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ಎಂಬ ವಿಷ ಒಂದೆರಡು ದಿನದೊಳಗೇ ಹಾಲಿಗೆ ಇಳಿಯುತ್ತದೆ. ಕಾಯಿಸಿದರೂ ಅದು ನಾಶವಾಗದು. ನಿಮ್ಮ ಮನೆಯ ಮಕ್ಕಳು ಕುಡಿಯುವುದೂ ಅದೇ ಹಾಲು. ಸಂಘದ ಕ್ಯಾನಿನಲ್ಲಿ ನೆರೆಯವರ ಹಾಲಿನೊಡನೆ ಬೆರೆಯುವುದೂ ಅದೇ ಹಾಲು. ಹಿಂಡಿ ಚೀಲವನ್ನು ನೆಲದ ಮೇಲಿಡದೆ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇರಿಸಿ.

ನಾಲ್ಕು ದಿನ ಹಾಕಿ ಹಾಲು ಏರಲಿಲ್ಲವೆಂದು ಖನಿಜ ಮಿಶ್ರಣವನ್ನು ನಿಲ್ಲಿಸಬೇಡಿ. ಕರಗಿದ ಮೂಳೆ ತುಂಬಿಕೊಳ್ಳಲು ತಿಂಗಳುಗಳೇ ಬೇಕು. ಹಸು ಬೆದೆಗೆ ಬಂದ ತಾರೀಖು, ಗರ್ಭಧಾರಣೆ ಮಾಡಿಸಿದ ತಾರೀಖುಗಳನ್ನು ಬರೆದಿಡಿ. ಮೂರು ಸಲ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಲ್ಲದಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ.