ಅಜ್ಜನ ರಿಪೋರ್ಟು ಮತ್ತು ನಮ್ಮ ಕಿಡ್ನಿ ಪಾಠ

ನಾಲ್ಕನೇ ಸೆಮಿಸ್ಟರ್‌ನ 'ಬಯಾಲಜಿ ಫಾರ್ ಎಂಜಿನಿಯರ್ಸ್' ಪೇಪರನ್ನು ನಾವು ಹೇಗೆ ಓದ್ತೀವಿ ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಿಂದಿನ ರಾತ್ರಿ ಪಿಡಿಎಫ್ ತೆಗೆದು ಮೆದುಳು ಅಂದ್ರೆ ಸಿಪಿಯು, ಕಣ್ಣು ಅಂದ್ರೆ ಕ್ಯಾಮೆರಾ, ಹೃದಯ ಅಂದ್ರೆ ಪಂಪು, ಕಿಡ್ನಿ ಅಂದ್ರೆ ಫಿಲ್ಟರು. ಮುಗೀತು. ನಾನೂ ಹಾಗೇ ಬಾಯಿಪಾಠ ಮಾಡಿ ಇಂಟರ್ನಲ್ಸ್‌ನಲ್ಲಿ ಒಳ್ಳೇ ಮಾರ್ಕ್ಸ್ ತಗೊಂಡಿದ್ದೆ.

ಅದೇ ವಾರ ರಾಣೆಬೆನ್ನೂರಿಗೆ ಹೋದಾಗ ಅಜ್ಜ ಒಂದು ಲ್ಯಾಬ್ ರಿಪೋರ್ಟ್ ಕೈಗಿಟ್ಟ. "ತಮ್ಮಾ, ಕ್ರಿಯಾಟಿನೈನ್ 4.8 ಐತಂತ. ಹಂಗಂದ್ರ ಏನೋ?" ಅಂದ. "ಅಜ್ಜಾ, ಅದು ಕಿಡ್ನಿ... ಫಿಲ್ಟ್ರೇಷನ್ ರೇಟ್..." ಅಂತ ಶುರು ಮಾಡಿ ನಿಂತುಬಿಟ್ಟೆ. ಇಂಗ್ಲಿಷ್‌ನಲ್ಲಿ ಗೊತ್ತು, ಕನ್ನಡದಲ್ಲಿ ಬರ್ತಿಲ್ಲ ಅಷ್ಟೇ ಅಂದುಕೊಂಡೆ. ರಾತ್ರಿ ಮಲಗಿ ಯೋಚಿಸಿದಾಗ ಗೊತ್ತಾಯ್ತು, ಇಂಗ್ಲಿಷ್‌ನಲ್ಲೂ ಗೊತ್ತಿರಲಿಲ್ಲ. ಆಮೇಲೆ ಲೈಬ್ರರಿಯ ಫಿಸಿಯಾಲಜಿ ಪುಸ್ತಕ ಹಿಡಿದು ಕೂತೆ. ಅದರಲ್ಲಿ ತಿಳಿದದ್ದು ಇದು.

ಮೊದಲನೆಯದಾಗಿ, 'ಫಿಲ್ಟರ್' ಅನ್ನೋದು ಅರ್ಧ ಮಾತು. ಹಾವೇರಿಯಿಂದ ಪ್ಯಾಸೆಂಜರ್ ರೈಲು ಹತ್ತಿದರೆ ರಾಣೆಬೆನ್ನೂರಿಗೆ ಮೊದಲು ಬ್ಯಾಡಗಿ ಬರುತ್ತೆ. ನಮ್ಮ ಅಜ್ಜ ಅಲ್ಲಿನ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವ. ಅಲ್ಲಿ ಹೆಣ್ಣುಮಕ್ಕಳು ರಾಶಿ ಮುಂದೆ ಕೂತು ಬಣ್ಣಗೆಟ್ಟ ಕಾಯಿ ಹುಡುಕಿ ತೆಗೆದು ಹೊರಗೆ ಹಾಕ್ತಾರೆ. ಕಿಡ್ನಿ ಹೀಗೇ ಕೆಟ್ಟದ್ದನ್ನು ಹುಡುಕಿ ತೆಗೆಯುತ್ತೆ ಅಂತ ನಾನು ತಿಳಿದಿದ್ದೆ. ಅದು ಮಾಡೋದು ಪೂರ್ತಿ ಉಲ್ಟಾ. ರಕ್ತಕಣ ಮತ್ತು ಪ್ರೋಟೀನ್ ಬಿಟ್ಟು, ನೀರು, ಉಪ್ಪು, ಸಕ್ಕರೆ, ಕಸ ಎಲ್ಲವನ್ನೂ ಮೊದಲು ಹೊರಗೆ ಸುರಿಯುತ್ತೆ. ಆಮೇಲೆ ಬೇಕಾದದ್ದನ್ನು ಮಾತ್ರ ಒಳಗೆ ಎತ್ತಿಕೊಳ್ಳುತ್ತೆ.

ಹೀಗೆ ಸುರಿಯೋದು ದಿನಕ್ಕೆ ಸುಮಾರು 180 ಲೀಟರ್. ನಮ್ಮ ಮೈಯಲ್ಲಿರೋ ರಕ್ತದ ದ್ರವಭಾಗ, ಅಂದ್ರೆ ಪ್ಲಾಸ್ಮಾ, ಬರೀ 3 ಲೀಟರ್. ಅಷ್ಟೂ ದಿನಕ್ಕೆ 60 ಸಲ ಸೋಸಿ ಹೋಗುತ್ತೆ. ಅದರಲ್ಲಿ 99 ಭಾಗ ವಾಪಸ್ ಬಂದು, ಒಂದೆರಡು ಲೀಟರ್ ಮಾತ್ರ ಮೂತ್ರವಾಗುತ್ತೆ. ಇದು ದಂಡದ ಕೆಲಸ ಅಂತ ಮೊದಲು ಅನ್ನಿಸಿತು. ಆದರೆ ಡಿಸೈನ್ ಲೆಕ್ಕದಲ್ಲಿ ನೋಡಿ. ಹೊಸ ಹೊಸ ಕಸವನ್ನೆಲ್ಲ ಒಂದೊಂದಾಗಿ ಗುರುತು ಹಿಡಿಯೋ ಗೋಜು ಕಿಡ್ನಿಗಿಲ್ಲ. ಬೇಕಾದದ್ದರ ಪಟ್ಟಿ ಚಿಕ್ಕದು, ಅದಷ್ಟು ಗೊತ್ತಿದ್ದರೆ ಬಹುಪಾಲು ಕೆಲಸ ಆಯ್ತು.

ಒಂದು ಕಿಡ್ನಿಯಲ್ಲಿ ಇಂಥ ಘಟಕಗಳು, ಅಂದ್ರೆ ನೆಫ್ರಾನ್‌ಗಳು, ಸುಮಾರು 10 ಲಕ್ಷ. ಪ್ರತಿಯೊಂದರ ಬಾಯಲ್ಲೂ ಕೂದಲಿಗಿಂತ ತೆಳು ರಕ್ತನಾಳಗಳ ಉಂಡೆ ಇದೆ, ಹೆಸರು ಗ್ಲೊಮೆರುಲಸ್. ಅದರೊಳಗಿನ ಒತ್ತಡ ಸುಮಾರು 60 ಮಿ.ಮೀ. ಪಾದರಸ. ರಕ್ತದ ಪ್ರೋಟೀನ್ ನೀರನ್ನು ವಾಪಸ್ ಎಳೆಯೋದು 32. ಎದುರಿನ ಬಟ್ಟಲಿನಿಂದ ಬರೋ ಒತ್ತಡ 18. ಕಳೆದರೆ ಉಳಿಯೋದು 10. ದಿನದ 180 ಲೀಟರ್ ನಡೆಯೋದು ಈ ಹತ್ತರ ಮೇಲೆ. ಒಳಗಿನ ಒತ್ತಡ ಐದು ಇಳಿದರೂ ಕೆಲಸ ಅರ್ಧಕ್ಕೆ ಬರುತ್ತೆ.

ಇಲ್ಲೇ ಅಜ್ಜನ ಕಥೆ ಇರೋದು. ಗ್ಲೊಮೆರುಲಸ್‌ಗೆ ಒಳಬರೋ ನಾಳ ಒಂದು, ಹೊರಹೋಗೋ ನಾಳ ಒಂದು, ಎರಡಕ್ಕೂ ವಾಲ್ವ್ ಇದ್ದಂತೆ. ಮೈಯಲ್ಲಿ ನೀರು ಕಡಿಮೆಯಾದಾಗ, ವಯಸ್ಸಾದಾಗ, ಒಳಬರೋ ವಾಲ್ವನ್ನು ತೆರೆದಿಡೋದು ಪ್ರೊಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಕೆಲಸ ಮಾಡೋದೇ ಈ ಪ್ರೊಸ್ಟಗ್ಲಾಂಡಿನ್ ತಯಾರಾಗದಂತೆ ತಡೆದು. ಬೆನ್ನು ನೋವು ಇಳಿಯುತ್ತೆ, ಆ ಕಡೆ ವಾಲ್ವ್ ಬಿಗಿಯುತ್ತೆ. ಅಜ್ಜ ಬಿಸಿಲಲ್ಲಿ ಚೀಲ ಹೊತ್ತು, ನೀರು ಕುಡಿಯೋದು ಬಿಟ್ಟು, ಚಹಾದ ಜೊತೆ ಈ ಮಾತ್ರೆ ನುಂಗಿದ್ದು ವರ್ಷಗಟ್ಟಲೆ. ಚೀಟಿ ಇಲ್ಲದೆ ಸಿಗ್ತಿತ್ತು. ಬಿಪಿ ಬೇರೆ ಇತ್ತು. ಎರಡೂ ಸೇರಿರಬೇಕು ಅಂದ್ರು ಡಾಕ್ಟರು. (ಹಾಸ್ಟೆಲಲ್ಲಿ ಕ್ರಿಕೆಟ್ ಆಡಿ ಬಂದು ಒಂದು ಮಾತ್ರೆ ನುಂಗಿದವರು ಹೆದರಬೇಡಿ. ನಾನು ಹೇಳ್ತಿರೋದು ದಿನಾ ನುಂಗೋರ ವಿಷಯ.)

ಈಗ 4.8ರ ಲೆಕ್ಕ. ಕ್ರಿಯಾಟಿನೈನ್ ಅನ್ನೋದು ಮಾಂಸಖಂಡದಿಂದ ದಿನಾ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹುಟ್ಟೋ ಕಸ. ಕಿಡ್ನಿ ಇದನ್ನು ವಾಪಸ್ ಎತ್ತಿಕೊಳ್ಳೋದಿಲ್ಲ. ಹಾಗಾಗಿ ನಮ್ಮ ಸ್ಟೆಡಿ ಸ್ಟೇಟ್ ಸೂತ್ರ ಹಾಕಬಹುದು: ಹುಟ್ಟೋ ವೇಗ = ಸೋಸೋ ವೇಗ × ರಕ್ತದಲ್ಲಿನ ಸಾಂದ್ರತೆ. ಅಜ್ಜನಂಥ ಒಣ ಮೈಯವರಲ್ಲಿ ನಿಮಿಷಕ್ಕೆ 0.6 ಮಿ.ಗ್ರಾಂ ಹುಟ್ಟುತ್ತೆ ಅಂತ ಇಟ್ಟುಕೊಳ್ಳಿ. ಸೋಸೋ ವೇಗ ನಿಮಿಷಕ್ಕೆ 100 ಮಿ.ಲೀ. ಇದ್ದರೆ ರಿಪೋರ್ಟಿನಲ್ಲಿ 0.6. ಅರ್ಧ ಕಿಡ್ನಿ ಕೆಟ್ಟು 50ಕ್ಕೆ ಇಳಿದರೆ 1.2. ಎಷ್ಟೋ ಲ್ಯಾಬ್‌ಗಳ ಪಟ್ಟಿಯಲ್ಲಿ ಅದು 'ನಾರ್ಮಲ್'! 25ಕ್ಕೆ ಇಳಿದರೆ 2.4. 4.8 ಬರೋ ಹೊತ್ತಿಗೆ ಉಳಿದದ್ದು 12.5.

ಗ್ರಾಫ್ ಹಾಳೆ ಮೇಲೆ ಎಳೆದು ನೋಡಿದೆ. ವೈ ಈಕ್ವಲ್ಸ್ ಕೆ ಬೈ ಎಕ್ಸ್, ಪಿಯುಸಿಯಲ್ಲಿ ನೂರು ಸಲ ಎಳೆದ ಹೈಪರ್ಬೋಲಾ. ಅರ್ಧ ದಾರಿ ಸುಮಾರಾಗಿ ಚಪ್ಪಟೆ, ಕೊನೆಗೆ ಗೋಡೆ ಹತ್ತಿದ ಹಾಗೆ. ಎರಡು ವರ್ಷದ ಹಿಂದಿನ ರಿಪೋರ್ಟ್ ಹುಡುಕಿದೆ. 1.2 ಅಂತಲೇ ಇತ್ತು. ಅವತ್ತು ನಾವ್ಯಾರೂ ಏನೂ ಕೇಳಲಿಲ್ಲ. ಅದನ್ನು ಅವ್ವಗೆ ತೋರಿಸಬೇಕೋ ಬೇಡವೋ ಅಂತ ಬಹಳ ಹೊತ್ತು ಯೋಚಿಸಿದೆ. ಕೊನೆಗೆ ತೋರಿಸಿದೆ.

ಈಗ ಆ ಮಾತ್ರೆ ಬಂದ್. ಬಿಪಿ ಗುಳಿಗೆ ತಪ್ಪೋದಿಲ್ಲ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಡಯಾಲಿಸಿಸ್ ಸದ್ಯಕ್ಕೆ ಬೇಡ ಅಂದಿದ್ದಾರೆ. ಮುಂದಿನ ಸಲ ಹೋದಾಗ ಅಜ್ಜನ ಮುಂದೆ ಕೂತು ಹೈಪರ್ಬೋಲಾ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ: ಸುರಿಯೋದು, ಎತ್ತಿಕೊಳ್ಳೋದು, 10 ಲಕ್ಷ ನೆಫ್ರಾನು. ಸುಮ್ಮನೆ ಕೇಳಿ, "ಅಂದ್ರ ಆಳು ಕಡಿಮಿ ಆಗ್ಯಾರ, ಮಾಲು ದಿನಾ ಅಷ್ಟ ಬರತೈತಿ, ಚೀಲ ಅಂಗಳದಾಗ ಉಳಿಯಾಕತ್ತಾವ. ಉಳಿದ ಚೀಲದ ಲೆಕ್ಕನ 4.8. ಹೌದಲ್ಲೋ?" ಅಂದ.

ಹೌದು ಅಂದೆ. "ಮತ್ತ ಇಷ್ಟು ಹೇಳಾಕ ಅರ್ಧ ತಾಸು ತಗೊಂಡೆಲ್ಲೋ" ಅಂದು, ಉಪ್ಪಿನಕಾಯಿ ಭರಣಿ ಎಲ್ಲಿ ಬಚ್ಚಿಟ್ಟೀರಿ ಅಂತ ಅವ್ವನ್ನ ಕೇಳೋಕೆ ಒಳಗೆ ಹೋದ.