ಕಾಯಕದಲ್ಲಿ ಮಿತಿ



ಕಾಯಕತತ್ತ್ವವನ್ನು ವಿವರಿಸುವಾಗ ನಾವು ಬಹುಮಟ್ಟಿಗೆ ಆಲಸ್ಯವನ್ನೇ ಖಂಡಿಸುತ್ತ ಬಂದಿದ್ದೇವೆ. ದುಡಿಯದೆ ಉಣ್ಣುವುದು ಶರಣಮಾರ್ಗಕ್ಕೆ ಸಲ್ಲದೆಂಬುದು ಸರ್ವವಿದಿತವಾದ ಮಾತು. ಆದರೆ ಸ್ವಂತ ಉದ್ಯಮವನ್ನು ನಡೆಸುವ ಸದ್ಗೃಹಸ್ಥರಲ್ಲಿ ಅನೇಕರನ್ನು ಇಂದು ಕಾಡುತ್ತಿರುವ ವ್ಯಾಧಿಯು ಇದಕ್ಕೆ ತೀರ ವಿಪರೀತವಾದುದು. ಅವರಿಗೆ ದುಡಿಮೆಯ ಕೊರತೆಯಿಲ್ಲ. ಬೆಳಗಾದರೆ ಗಿರಾಕಿಗಳ ಕರೆ, ಸರಕಿನ ಚಿಂತೆ, ಆಳುಗಳ ಗೈರುಹಾಜರಿ, ಬ್ಯಾಂಕಿನ ಕಂತು, ತೆರಿಗೆಯ ಲೆಕ್ಕ. ಇಷ್ಟಲಿಂಗಪೂಜೆಗೆ ಕುಳಿತರೂ ಮೊಬೈಲಿನ ಸದ್ದು. ರಾತ್ರಿ ಹಾಸಿಗೆಗೆ ಒರಗುವಾಗ ಇಡೀ ದಿನ ಓಡಿದ ದಣಿವು ಉಂಟು, ಯಾವುದೊಂದನ್ನೂ ಮುಗಿಸಿದ ತೃಪ್ತಿಯಿಲ್ಲ. ಇಂಥವರಿಗೆ ಶರಣರ ಕಾಯಕಧರ್ಮವು ಏನನ್ನು ಬೋಧಿಸುತ್ತದೆ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನವರ ಕಾಯಕ. ಆಯ್ದುದರಿಂದಲೇ ಅವರ ಸಂಸಾರವೂ ದಾಸೋಹವೂ ಸಾಗುತ್ತಿದ್ದವು. ಒಂದು ದಿನ ಅವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದರು. ಲಕ್ಕಮ್ಮನವರು ಅದನ್ನು ನೋಡಿದ ಕೂಡಲೇ ಹೆಚ್ಚಾದ ಅಕ್ಕಿಯನ್ನು ತಂದಲ್ಲಿಗೇ ಒಯ್ದು ಸುರಿದು ಬರುವಂತೆ ಪತಿಗೆ ತಿಳಿಸಿದರು. ಈ ಪ್ರಸಂಗವನ್ನು ನಾವು ಆಶೆಯ ನಿರಾಕರಣೆಗೆ ದೃಷ್ಟಾಂತವಾಗಿ ಹೇಳುವುದುಂಟು. ಅದು ಯುಕ್ತವೇ ಸರಿ. ಆದರೆ ಇದರಲ್ಲಿ ಉದ್ಯಮಿಗೆ ಬೇಕಾದ ಇನ್ನೊಂದು ಪಾಠವೂ ಅಡಗಿದೆ. ಅಕ್ಕಿಯನ್ನು ಮಿತಿಮೀರಿ ಕೂಡಿಡುವುದು ಹೇಗೆ ಸಂಗ್ರಹದೋಷವೋ, ಮಾಡಿ ಮುಗಿಸಲಾರದಷ್ಟು ಕೆಲಸವನ್ನು ಕೈಯಲ್ಲಿ ಕೂಡಿಟ್ಟುಕೊಳ್ಳುವುದೂ ಹಾಗೆಯೇ ಸಂಗ್ರಹದೋಷ.

ಇದನ್ನೊಂದು ಉದಾಹರಣೆಯಿಂದ ಸ್ಪಷ್ಟಪಡಿಸಿಕೊಳ್ಳಬಹುದು. ನಾಲ್ಕು ಯಂತ್ರಗಳನ್ನಿಟ್ಟುಕೊಂಡ ಹೊಲಿಗೆ ಅಂಗಡಿಯೊಂದು ಇದೆಯೆಂದು ಭಾವಿಸಿರಿ. ದಿನಕ್ಕೆ 20 ಉಡುಪುಗಳನ್ನು ಹೊಲಿದು, ಕಾಜಾ ಹಾಕಿ, ಗುಂಡಿ ಹಚ್ಚಿ, ಇಸ್ತ್ರಿ ಮಾಡಿ ಕೊಡುವುದು ಅದರ ಶಕ್ತಿ. ಕೈಯಲ್ಲಿ 200 ಉಡುಪುಗಳ ಕೆಲಸವಿದ್ದರೆ ಹೊಸದಾಗಿ ಬಂದ ಬಟ್ಟೆಯು ಸರದಿಯಲ್ಲಿ ಕಾಯ್ದು ಹೊರಬೀಳಲು 10 ದಿನ ಬೇಕು. ಜೂನ್ ತಿಂಗಳಲ್ಲಿ ಶಾಲೆಗಳು ನಡೆಯತೊಡಗುವ ಹೊತ್ತಿಗೆ ಸಮವಸ್ತ್ರದ ಬಟ್ಟೆಯನ್ನು ಹಿಡಿದು ತಾಯಿತಂದೆಯರು ಬರುತ್ತಾರೆ. ಬಂದವರನ್ನು ಹಿಂದಕ್ಕೆ ಕಳುಹಿಸಲಾರದೆ ಅಂಗಡಿಯವನು ಎಲ್ಲವನ್ನೂ ಒಪ್ಪಿಕೊಂಡು 600 ಉಡುಪುಗಳನ್ನು ಕಪಾಟಿನಲ್ಲಿ ತುಂಬಿಕೊಂಡನೆನ್ನಿ. ಯಂತ್ರಗಳು ನಾಲ್ಕೇ, ದಿನದ ಶಕ್ತಿ 20ೇ. ಆಗ ಹೊಸ ಬಟ್ಟೆಯು 30 ದಿನ ಕಾಯಬೇಕು. ಕೈಯಲ್ಲಿರುವ ಕೆಲಸದ ಮೊತ್ತವನ್ನು ಮುಗಿಸುವ ವೇಗದಿಂದ ಭಾಗಿಸಿದರೆ ಕಾಯುವ ಕಾಲವು ದೊರೆಯುತ್ತದೆಂಬ ಈ ಸರಳ ನಿಯಮವನ್ನು ಅಮೆರಿಕದ ವಿದ್ವಾಂಸರಾದ ಜಾನ್ ಲಿಟಲ್ ಎಂಬವರು 1961ರಲ್ಲಿ ಗಣಿತದ ಮೂಲಕ ಸಾಧಿಸಿ ತೋರಿಸಿದರು. ಕಾರ್ಖಾನೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಇದು ಇಂದಿಗೂ ಬಳಕೆಯಲ್ಲಿದೆ.

ವಾಸ್ತವದಲ್ಲಿ ಸಂಗತಿಯು ಇದಕ್ಕಿಂತಲೂ ಕೆಡುತ್ತದೆ. 600 ಗಂಟುಗಳಲ್ಲಿ ಒಂದನ್ನು ಹುಡುಕುವುದಕ್ಕೆ ವೇಳೆ, ತಡವಾಯಿತೆಂದು ಕೇಳಲು ಬಂದವರಿಗೆ ಉತ್ತರಿಸುವುದಕ್ಕೆ ವೇಳೆ, ಹೆಚ್ಚು ಒತ್ತಾಯಿಸಿದವರ ಬಟ್ಟೆಗಾಗಿ ಅರ್ಧ ಹೊಲಿದುದನ್ನು ತೆಗೆದಿಡುವುದಕ್ಕೆ ವೇಳೆ. ಹೀಗೆ 20 ಆಗುತ್ತಿದ್ದುದು 15ಕ್ಕೆ ಇಳಿದರೆ 30 ದಿನಗಳು 40 ಆಗುತ್ತವೆ. ಅಂಗಡಿಯವನು ಮೊದಲಿಗಿಂತ ಹೆಚ್ಚು ದಣಿದು ಮೊದಲಿಗಿಂತ ಕಡಿಮೆ ಮುಗಿಸುತ್ತಾನೆ.

ಇಲ್ಲಿ ಹಣಕ್ಕಿಂತ ದೊಡ್ಡದಾದ ಹಾನಿಯೊಂದುಂಟು. ನಡೆ ನುಡಿಗಳು ಒಂದಾಗಿರಬೇಕೆಂಬುದು ಶರಣರ ಬದುಕಿನ ಪ್ರಾಣ. ಮುಂದಿನ ಸೋಮವಾರ ಕೊಡುವೆನೆಂದು 600 ಜನರಿಗೆ ಹೇಳಿದವನು, ಮನಸ್ಸಿನಲ್ಲಿ ಕಪಟವಿಲ್ಲದಿದ್ದರೂ, ಪ್ರತಿದಿನವೂ ಹುಸಿಯನ್ನಾಡಿದಂತೆ ಆಗುತ್ತದೆ. ಕ್ರಮೇಣ ಆ ಹುಸಿಯೇ ಅವನ ವ್ಯಾಪಾರದ ಭಾಷೆಯಾಗುತ್ತದೆ. ಸಜ್ಜನನಾದವನನ್ನು ಅತಿಭಾರವು ಅವನಿಗೆ ತಿಳಿಯದಂತೆಯೇ ಮಾತಿಗೆ ತಪ್ಪುವವನನ್ನಾಗಿ ಮಾಡುತ್ತದೆ. ಮನೆಯಲ್ಲಿ ಮಕ್ಕಳಿಗೆ ಕೊಟ್ಟ ಮಾತಿಗೂ ಇದೇ ಗತಿ.

ಇಲ್ಲಿ ಒಂದು ಶಂಕೆಯು ಹುಟ್ಟಬಹುದು. ‘ಬಾಗಿಲಿಗೆ ಬಂದ ಗಿರಾಕಿಯನ್ನು ಹಿಂದಿರುಗಿಸುವುದೆಂದರೆ ಬಂದ ಭಾಗ್ಯವನ್ನು ಒದ್ದಂತಲ್ಲವೇ? ಸಾಲದ ಕಂತು ಕಟ್ಟಬೇಕಾದವನು ಕೆಲಸ ಬೇಡವೆನ್ನುವುದು ಹೇಗೆ?’ ಈ ಶಂಕೆಯು ನಿರಾಧಾರವಾದುದಲ್ಲ. ಆದರೆ ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿರಿ. 600 ಒಪ್ಪಿಕೊಂಡವನಿಗೂ ತಿಂಗಳ ಕೊನೆಗೆ ಕೈಸೇರುವ ಕೂಲಿಯು ಹೊಲಿದು ಮುಗಿಸಿದ ಉಡುಪುಗಳದು ಮಾತ್ರ. ಹಿಂದಿರುಗಿಸುವುದಕ್ಕೂ ಮೂರು ಸೌಮ್ಯಮಾರ್ಗಗಳುಂಟು: ನಿಜವಾಗಿ ಕೊಡಬಲ್ಲ ದಿನವನ್ನೇ ತಿಳಿಸಿ, ಒಪ್ಪಿದವರ ಬಟ್ಟೆಯನ್ನಷ್ಟೇ ಇಟ್ಟುಕೊಳ್ಳುವುದು, ಆ ದಿನಗಳ ಮಟ್ಟಿಗೆ ಇನ್ನೊಬ್ಬ ಕೆಲಸಗಾರನನ್ನು ನೇಮಿಸಿಕೊಳ್ಳುವುದು, ಇಲ್ಲವೆ ಪಕ್ಕದ ಓಣಿಯಲ್ಲಿ ಕೆಲಸವಿಲ್ಲದೆ ಕುಳಿತಿರುವ ಸಮವೃತ್ತಿಯವನಿಗೆ ಗಿರಾಕಿಯನ್ನು ಕಳುಹಿಸಿಕೊಡುವುದು. ಲಕ್ಕಮ್ಮನವರು ಮರಳಿಸಿದ ಅಕ್ಕಿಯು ಹಾಳಾಗಲಿಲ್ಲ. ಅದು ಮಹಾಮನೆಯಲ್ಲಿ ಇನ್ನೊಬ್ಬರಿಗೆ ಉಳಿಯಿತು. ಮರಳಿಸಿದ ಕೆಲಸವೂ ಹಾಗೆ ಇನ್ನೊಂದು ಮನೆಯ ಒಲೆಯನ್ನು ಉರಿಸೀತು. ಇದನ್ನು ದಾಸೋಹಭಾವದ ಒಂದು ಮುಖವೆಂದೇ ತಿಳಿಯಬೇಕು.

ಮಿತಿಯನ್ನು ಒಪ್ಪಿಕೊಂಡ ಬಳಿಕ ನಿತ್ಯದಲ್ಲಿ ಆಚರಿಸಬೇಕಾದ ನಿಯಮಗಳು ನಾಲ್ಕು.

ಮೊದಲನೆಯದು, ವಾಯಿದೆಯನ್ನು ಹಳೆಯ ಲೆಕ್ಕವನ್ನು ನೋಡಿ ಹೇಳತಕ್ಕದ್ದು. ಮನುಷ್ಯನು ತನ್ನ ಕೆಲಸಕ್ಕೆ ಹಿಡಿಯುವ ಕಾಲವನ್ನು ಬಹುಮಟ್ಟಿಗೆ ಕಡಿಮೆಯೆಂದೇ ಎಣಿಸುತ್ತಾನೆ. 1994ರಲ್ಲಿ ಪ್ರಕಟವಾದ ಕೆನಡಾದೇಶದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧವನ್ನು ಸರಾಸರಿ 34 ದಿನಗಳಲ್ಲಿ ಮುಗಿಸುವೆವೆಂದು ಅಂದಾಜು ಮಾಡಿದರು. ವಾಸ್ತವವಾಗಿ ಹಿಡಿದುದು ಸುಮಾರು 55 ದಿನ. ಓದುಬಲ್ಲವರ ಗತಿಯೇ ಹೀಗಿರಲು ನಮ್ಮ ಉತ್ಸಾಹದ ಮಾತನ್ನು ನಂಬುವುದೆಂತು? ಕಳೆದ ಸಲ ಇಂಥದೇ ಕೆಲಸಕ್ಕೆ ಎಷ್ಟು ದಿನ ಹಿಡಿಯಿತೆಂಬುದನ್ನು ವಹಿಯಲ್ಲಿ ನೋಡಿ, ಅಷ್ಟನ್ನೇ ನುಡಿಯಬೇಕು.

ಎರಡನೆಯದು, ಒಂದು ವೇಳೆಗೆ ಒಂದೇ ಕೆಲಸ. ಹುಲ್ಲನ್ನು ಕೊಯ್ದು ಹಗ್ಗ ಹೊಸೆಯುವ ಕಾಯಕದ ನುಲಿಯ ಚಂದಯ್ಯನವರು, ಕೆಲಸದಲ್ಲಿರುವಾಗ ಇಷ್ಟಲಿಂಗವೇ ಕಳಚಿ ಬಿದ್ದರೂ ಕಾಯಕವನ್ನು ನಿಲ್ಲಿಸಲಿಲ್ಲವೆಂದು ಶರಣಕಥನವು ಹೇಳುತ್ತದೆ. ಅಂಥ ನಿಷ್ಠೆಯುಳ್ಳವರ ಪರಂಪರೆಯ ನಾವು ಮೊಬೈಲಿನ ಒಂದು ಸದ್ದಿಗೆ ಕತ್ತರಿಯನ್ನು ಕೆಳಗಿಡುತ್ತೇವೆ! ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದಂಶವು ಹಿಂದಿನದರಲ್ಲಿಯೇ ಉಳಿದಿರುತ್ತದೆಂಬುದನ್ನು ಸೋಫಿ ಲೆರಾಯ್ ಎಂಬ ವಿದುಷಿಯು 2009ರಲ್ಲಿ ಪ್ರಯೋಗಗಳಿಂದ ತೋರಿಸಿದ್ದಾರೆ. ಆದುದರಿಂದ ಬಟ್ಟೆ ಕತ್ತರಿಸುವ ಕೆಲಸಕ್ಕೆ ಬೆಳಗಿನ ಎರಡು ಗಂಟೆಗಳನ್ನು ಮೀಸಲಿಟ್ಟು, ಕರೆಗಳಿಗೆ ಉತ್ತರಿಸಲು ಬೇರೆಯೇ ಹೊತ್ತನ್ನು ಗೊತ್ತುಮಾಡಬೇಕು. ಆ ಹೊತ್ತನ್ನು ಗಿರಾಕಿಗಳಿಗೂ ತಿಳಿಸಿದರೆ ಅವರೇ ಹೊಂದಿಕೊಳ್ಳುತ್ತಾರೆ.

ಮೂರನೆಯದು, ಅವಸರದ ಕೆಲಸ ಹುಟ್ಟುವ ಮೊದಲೇ ಅದನ್ನು ಚಿಕ್ಕದಾಗಿಸುವುದು. ಸರಕು ಮತ್ತು ಸೇವಾ ತೆರಿಗೆಯು 2017ರ ಜುಲೈ 1ರಿಂದ ಜಾರಿಗೆ ಬಂದಿದೆ. ಪ್ರತಿ ತಿಂಗಳೂ ವಿವರ ಸಲ್ಲಿಸುವ ವರ್ತಕರು ಸಾಮಾನ್ಯವಾಗಿ ಮುಂದಿನ ತಿಂಗಳ 20ನೆಯ ತಾರೀಖಿನೊಳಗೆ ತೆರಿಗೆಯನ್ನು ಲೆಕ್ಕಹಾಕಿ ಕಟ್ಟಬೇಕು. ತಡವಾದರೆ ದಿನದಿನಕ್ಕೂ ಶುಲ್ಕ ಬೆಳೆಯುತ್ತದೆ. ಆ ತಾರೀಖು ಯಾರಿಗೂ ಅನಿರೀಕ್ಷಿತವಲ್ಲ. ಆದರೂ 19ರ ರಾತ್ರಿ ಬಿಲ್ಲುಗಳ ಕಟ್ಟನ್ನು ಬಿಚ್ಚಿ ಕುಳಿತು ಕಂಗೆಡುವವರೆಷ್ಟು ಜನ! ದಿನವೂ ಅಂಗಡಿ ಮುಚ್ಚುವ ಮುನ್ನ ಆ ದಿನದ ಬಿಲ್ಲುಗಳನ್ನು ಬರೆದಿಟ್ಟರೆ ಕಡೆಗೆ ಉಳಿಯುವುದು ಕೂಡಿಸುವ ಕೆಲಸವೊಂದೇ. ಯಂತ್ರಕ್ಕೆ ಎಣ್ಣೆ ಬಿಡುವುದು, ಸೂಜಿ ದಾರಗಳ ದಾಸ್ತಾನು ನೋಡುವುದು, ಇವೆಲ್ಲವೂ ಇದೇ ವರ್ಗದವು.

ನಾಲ್ಕನೆಯದು, ನಾಳೆಯ ಕೆಲಸವನ್ನು ಇಂದೇ ಬರೆದಿಡುವುದು. ಮುಗಿಯದ ಕೆಲಸಗಳು ಮನಸ್ಸನ್ನು ಬಿಡದೆ ಕುಟುಕುತ್ತಿರುತ್ತವೆಂಬುದು ಎಲ್ಲರ ಅನುಭವ. ಇಂಥ ಕೆಲಸವನ್ನು ಯಾವಾಗ, ಹೇಗೆ ಮಾಡುವೆನೆಂದು ನಿಶ್ಚಿತವಾಗಿ ಯೋಜಿಸಿದರೆ, ಕೆಲಸವು ಇನ್ನೂ ಆಗದಿದ್ದರೂ ಮನಸ್ಸಿನ ಆ ಕುಟುಕು ಶಮನವಾಗುತ್ತದೆಂದು 2011ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಆದುದರಿಂದ ರಾತ್ರಿ ಊಟಕ್ಕೆ ಮೊದಲು ಒಂದು ಚೀಟಿಯಲ್ಲಿ ಮರುದಿನದ ಮುಖ್ಯ ಕೆಲಸಗಳನ್ನು ಬರೆದು, ಮೊದಲು ಯಾವುದೆಂದು ಗುರುತು ಹಾಕಿಡಿರಿ. ಆ ಚೀಟಿಯು ಉದ್ದವಾಗಿರಕೂಡದು. ಮುಗಿಸಲಾರದುದನ್ನು ಬರೆಯುವುದೂ ಹೆಚ್ಚಿನ ಅಕ್ಕಿಯನ್ನು ತಂದಂತೆಯೇ ಸರಿ. ಚಿಂತೆಯನ್ನು ಹೀಗೆ ಕಾಗದಕ್ಕೆ ಒಪ್ಪಿಸಿದವನು ಬೆಳಿಗ್ಗೆ ಪೂಜೆಗೆ ಕುಳಿತಾಗ ಅವನ ದೃಷ್ಟಿಯು ಕರಸ್ಥಲದಲ್ಲಿ ನಿಲ್ಲುವುದು ಸುಲಭವಾಗುತ್ತದೆ.

ಈ ನಿಯಮಗಳಲ್ಲಿ ಗಹನವಾದುದೇನೂ ಇಲ್ಲ. ಕಷ್ಟವಿರುವುದು ‘ಇನ್ನು ಸಾಕು’ ಎನ್ನುವ ಒಂದು ಮಾತಿನಲ್ಲಿ. ಆ ಮಾತನ್ನು ಮಾರಯ್ಯನವರಿಗೆ ಹೇಳಿದವರು ಅವರ ಧರ್ಮಪತ್ನಿ ಎಂಬುದನ್ನು ಮರೆಯಬಾರದು. ತನ್ನ ಭಾರವು ಎಷ್ಟಾಯಿತೆಂಬುದು ಹೊರುವವನಿಗಿಂತ ನೋಡುವವರಿಗೆ ಮೊದಲು ತಿಳಿಯುತ್ತದೆ. ಆದುದರಿಂದ ಉದ್ಯಮಿಯಾದ ಗೃಹಸ್ಥನು ತನ್ನ ವಹಿಯನ್ನು ಮನೆಯವರಿಗೂ ತೋರಿಸುವುದು ಶ್ರೇಯಸ್ಕರ. ಉದ್ಯಮವನ್ನು ಮಹಿಳೆಯೇ ನಡೆಸುತ್ತಿದ್ದರೆ ಪತಿಯು ಲಕ್ಕಮ್ಮನವರ ಸ್ಥಾನದಲ್ಲಿ ನಿಂತು ಕೇಳಲಿ. ವಾರಕ್ಕೊಮ್ಮೆ ಇಬ್ಬರೂ ಕುಳಿತು ಕೈಯಲ್ಲಿರುವ ಕೆಲಸವೆಷ್ಟು, ದಿನಕ್ಕೆ ಮುಗಿಯುವುದೆಷ್ಟು, ಕೊಟ್ಟ ಮಾತುಗಳೆಷ್ಟು ಎಂಬ ಮೂರು ಅಂಕಿಗಳನ್ನು ವಹಿಯ ಮೊದಲ ಪುಟದಲ್ಲಿ ಬರೆಯಲಿ. ಮಾತುಗಳು ಶಕ್ತಿಯನ್ನು ಮೀರಿದ್ದರೆ ಆ ದಿನವೇ ಗಿರಾಕಿಗಳನ್ನು ಕರೆದು ನಿಜವಾದ ತಾರೀಖನ್ನು ತಿಳಿಸಲಿ. ಅದು ಕೊಂಚ ಸಂಕೋಚದ ಕೆಲಸವಾದರೂ, ನುಡಿಯನ್ನು ನಡೆಯೊಡನೆ ಮರಳಿ ಕೂಡಿಸುವ ದಾರಿ ಅದೊಂದೇ.